ಸಾಕಮ್ಮ ಎಂಬ ಹೆಸರು

ಇವತ್ತು ಬೆಳಿಗ್ಗೆ ಅಂಗಳ ಗುಡಿಸಿದೆ, ಹಾಲು ಕಾಯಿಸಿದೆ, ಅಕ್ಕಿ ಆರಿಸಿದೆ, ಗುಗ್ಗರಿಗೆಂದು ಕಡಲೆ ಬೇಯಲಿಟ್ಟೆ. ಅದರ ಹಬೆ ಮೂಗಿಗೆ ಬಡಿದಾಗ ನನ್ನ ತಂಗಿಯನ್ನು ತೊಟ್ಟಿಲಿಗೆ ಹಾಕಿ ಗುಗ್ಗರಿ ಹಂಚಿದ ಮಧ್ಯಾಹ್ನ ನೆನಪಾಯಿತು.

ಆಗ ನಾವು ಹರಿಹರದಲ್ಲಿದ್ದೆವು, ನನಗೆ ಏಳು ವರ್ಷ. ನಾವು ನಾಲ್ವರು ಹೆಣ್ಣುಮಕ್ಕಳಾದ ಮೇಲೆ ಹುಟ್ಟಿದ ಐದನೆಯ ಕೂಸೂ ಹೆಣ್ಣು. ಅವ್ವ ಅದಕ್ಕೆ ನೀಲಾಂಬಿಕೆ ಎಂಬ ಹೆಸರು ಆರಿಸಿ, ಕೂಸಿನ ಕಿವಿಯಲ್ಲಿ ಹೇಳಬೇಕಾದ ಸೋದರತ್ತೆಗೆ ಮೊದಲೇ ತಿಳಿಸಿದ್ದಳು. ಅತ್ತೆ ತೊಟ್ಟಿಲಿಗೆ ಬಗ್ಗಿ, ಎಲ್ಲರಿಗೂ ಕೇಳುವಂತೆ "ಸಾಕಮ್ಮ" ಎಂದಳು. ಹೆಂಗಸರು ವಾಡಿಕೆಯಂತೆ ಅವಳ ಬೆನ್ನಿಗೆ ಗುದ್ದಿ ನಕ್ಕರು.

"ನಾನು ಹೇಳಿದ್ದು ಈ ಹೆಸರಲ್ಲ ಅಕ್ಕಾರೆ," ಎಂದಳು ಅವ್ವ.

"ನಾನೇ ಹೇಳ್ಸಿದ್ದು," ಎಂದಳು ಅಜ್ಜಿ. "ಹೆಣ್ಣು ಸಾಕು ಅಂತ ದೇವರಿಗೆ ಗೊತ್ತಾಗ್ಬೇಕಲ್ಲ? ಕೊಕ್ಕನೂರಾಗ ನನ್ನ ತಂಗಿ ಮೊಮ್ಮಗಳಿಗೂ ಇದೇ ಹೆಸರಿಟ್ರು, ಮುಂದಿಂದು ಗಂಡಾತು."

"ಸಾಕಮ್ಮ ಅಂದ್ರೆ ಎಲ್ಲರನ್ನೂ ಸಾಕೋಳು ಅಂತನೂ ಆಗ್ತೈತೆ ಬಿಡ್ರಿ," ಎಂದಳು ಪಕ್ಕದ ಮನೆಯಾಕೆ.

"ಹೂಂ, ಸಾಕ್ತಾಳೆ, ಗಂಡನ ಮನೇರ್ನ!" ಎಂದಳು ಅಜ್ಜಿ.

ಎಲ್ಲರೂ ನಕ್ಕರು. ನಾನೂ ತೊಟ್ಟಿಲು ತೂಗುತ್ತ "ಸಾಕು, ಸಾಕು" ಎಂದು ಕೂಗಿದೆ. ಅಜ್ಜಿ ಮೆಚ್ಚಿ ನನ್ನ ಬಾಯಿಗೆ ಬೆಲ್ಲ ಇಟ್ಟಳು. ಅವ್ವ ಅಜ್ಜಿಯನ್ನು ನೋಡಲಿಲ್ಲ, ನನ್ನನ್ನು ನೋಡಿದಳು.

ಊಟಕ್ಕೆ ಹೋಳಿಗೆ, ಕಟ್ಟಿನ ಸಾರು ಇತ್ತು. ಅವ್ವ ಅನ್ನ ಕಲಸಿದಳು, ತಿನ್ನಲಿಲ್ಲ. ಅಜ್ಜಿ ಮೂರು ಹೋಳಿಗೆ ತಿಂದು, ಕೂಸಿಗಿಂತ ಮೊದಲೇ ನಿದ್ದೆ ಹೋದಳು.