ಒರೆಸದೆ ಇಟ್ಟಿದ್ದು

"ಇಲ್ಲೇನೋ ಕಪ್ಪಗೆ ಅಂಟೈತೆ ಮೇಷ್ಟ್ರೇ," ಎನ್ನುತ್ತ, ಕೊಳ್ಳಲು ಬಂದಿದ್ದ ಶಿಡ್ಲಘಟ್ಟದ ಗಂಗುಲಪ್ಪ ದೂರದರ್ಶಕದ ಕಣ್ಣಿಡುವ ತುದಿಯನ್ನು ಕರವಸ್ತ್ರದಿಂದ ಒರೆಸಿಬಿಟ್ಟ. ಬೇಡವೆನ್ನಲು ಮುನಿಶಾಮಪ್ಪ ಮೇಷ್ಟ್ರು ಎತ್ತಿದ ಕೈ ಎತ್ತಿದಂತೆಯೇ ಉಳಿಯಿತು.

ಅದು ಅವರ ಹೆಂಡತಿ ಕದಿರಮ್ಮನ ಕಾಡಿಗೆ. ಚಂದ್ರನ ಫೋಟೊ ತೆಗೆಯಲು ಅವರು ಗಾಜಿನ ಪ್ಲೇಟಿನ ಕ್ಯಾಮೆರಾ ಸಿದ್ಧಮಾಡುವಷ್ಟರಲ್ಲಿ ಆಕೆ ಬಂದು ದೂರದರ್ಶಕಕ್ಕೆ ಕಣ್ಣಿಟ್ಟು ನೋಡುತ್ತಿದ್ದಳು. "ಕಾಡಿಗೆ ಮೆತ್ತಬೇಡ ಕಣೇ" ಎಂದು ಪ್ರತಿ ಸಲವೂ ಗದರಿ ಒರೆಸುತ್ತಿದ್ದರು. ಆಕೆ ತೀರಿಕೊಂಡ ಮೇಲೆ, ಕಡೆಯ ಸಲದ್ದನ್ನು ಒರೆಸಲು ಮನಸ್ಸು ಬಂದಿರಲಿಲ್ಲ.

ಗಂಗುಲಪ್ಪ ದೂರದರ್ಶಕವನ್ನು ಅಂಬಾಜಿದುರ್ಗದ ಬೆಟ್ಟದ ಕಡೆ ತಿರುಗಿಸಿ ನೋಡಿದ. "ಬಂಡೆ ಮೇಲಿನ ಮೇಕೆನೂ ಕಾಣ್ತದೆ. ಕ್ಯಾಮೆರಾನೂ ಸೇರಿಸಿ ತಗೊಂಡು ಹೋಗ್ತೀನಿ."

"ತಗೊಂಡು ಹೋಗಪ್ಪ, ಪೊರೆ ಬಂದಿರೋ ಕಣ್ಣಿಗೆ ಇನ್ಯಾಕೆ," ಎಂದರು ಮೇಷ್ಟ್ರು. ಆಮೇಲೆ ಕೈ ಚಾಚಿದರು. "ಆ ಕರ್ಚೀಫು ಮಾತ್ರ ಇಲ್ಲೇ ಬಿಟ್ಟು ಹೋಗು."