ಬೇಕೆಂದೇ

ಗಾಲ್ಫ್ ಪಂದ್ಯದಲ್ಲಿ ಕಡಿಮೆ ಹೊಡೆತದಲ್ಲಿ ಮುಗಿಸಿದವನೇ ಗೆದ್ದಂತೆ; ಕೆಟ್ಟ ಆಟಗಾರನಿಗೆ ಲೆಕ್ಕದಿಂದ ಕಳೆಯುವ ಹೊಡೆತಗಳ ರಿಯಾಯಿತಿ ಜಾಸ್ತಿ. ಅದಕ್ಕೇ ಓಂಕಾರಪ್ಪ ವರ್ಷವಿಡೀ ಬೇಕೆಂದೇ ಕೆಟ್ಟದಾಗಿ ಆಡಿದ. ಮೈಸೂರಿನಲ್ಲಿ ಚೆಂಡನ್ನು ಕುದುರೆ ಓಡುವ ದಾರಿಗೆ ಹೊಡೆದ, ಮಡಿಕೇರಿಯಲ್ಲಿ ಕಾಫಿತೋಟಕ್ಕೆ ಅಟ್ಟಿದ, ಕೋಲಾರದ ಕಡೆಯ ಹುಲ್ಲಿಲ್ಲದ ಮೈದಾನದಲ್ಲಂತೂ ಚೆಂಡು ಬಿಟ್ಟು ಮಣ್ಣನ್ನೇ ಬಾರಿಸಿದ. ನೋಡಿದವರು ಅಯ್ಯೋ ಪಾಪ ಅಂದರೆ ಒಳಗೊಳಗೇ ಹಿಗ್ಗುತ್ತಿದ್ದ. ಗುಟ್ಟು ಗೊತ್ತಿದ್ದದ್ದು ಒಬ್ಬ ಗೆಳೆಯನಿಗೆ ಮಾತ್ರ.

ಕೊನೆಗೂ, ಆ ರಿಯಾಯಿತಿಯ ಬಲದಿಂದ ಗೆಲ್ಲಬೇಕೆಂದಿದ್ದ ಊರಿನ ಕ್ಲಬ್ಬಿನ ದೊಡ್ಡ ಪಂದ್ಯದ ದಿನ ಬಂತು. ಓಂಕಾರಪ್ಪನ ಮೊದಲ ಹೊಡೆತ ಪೊದೆಗೆ ನುಗ್ಗಿತು. ಗೆಳೆಯ ಮೀಸೆಯಡಿ ನಕ್ಕ. ಮಧ್ಯಾಹ್ನದ ಹೊತ್ತಿಗೆ ಚೆಂಡು ಕಮಿಟಿಯವರ ಟೀ ಮೇಜಿನ ಮೇಲೆ ಬಿದ್ದಾಗ ಗೆಳೆಯನ ನಗು ನಿಂತಿತು.

“ಸಾಕು ಮಾರಾಯ, ಎಲ್ರೂ ನಂಬಿ ಆಯ್ತು. ಇನ್ನಾದ್ರೂ ಸರಿಯಾಗಿ ಆಡು.”

ಓಂಕಾರಪ್ಪ ಬೆವರು ಒರೆಸಿಕೊಂಡ. “ಬೆಳಿಗ್ಗೆಯಿಂದ ಸರಿಯಾಗೇ ಆಡ್ತಿದ್ದೀನಿ ಕಣೋ.”