ಮಾಳವ್ವನ ಹೆಜ್ಜೆ

ನೆಲದ ನಡುಕ ಬರೆಯುವ ಯಂತ್ರಕ್ಕೆ ನಲವತ್ತು ಲಕ್ಷ, ಅದನ್ನು ಕೂರಿಸಿದ ನೆಲಮಾಳಿಗೆಗೆ ಹತ್ತು ಲಕ್ಷ, ಅಲ್ಲಿ ಕಸ ಗುಡಿಸುವ ಮಾಳವ್ವನಿಗೆ ತಿಂಗಳಿಗೆ ಆರು ಸಾವಿರ. ಹಾಗಾಗಿ ಬೆಳಿಗ್ಗೆ ಹನ್ನೊಂದಕ್ಕೆ ಯಂತ್ರದ ಗೆರೆ ಸಣ್ಣಗೆ ನಡುಗಿದ್ದು ಕಂಡಾಗ, ಯಾರನ್ನು ಕರೆಯಬೇಕೆಂದು ಅಧಿಕಾರಿ ಹೆಚ್ಚು ಯೋಚಿಸಲಿಲ್ಲ.

"ಯಂತ್ರದ ಪಕ್ಕ ಓಡಾಡಿದೆಯಾ, ಮಾಳವ್ವ?"

"ಹೌದು ಸಾರ್, ತಪ್ಪಾಯ್ತು."

"ಆನೆ ನಡೆದಂಗೆ ನಡೆದಿದ್ದೀಯಲ್ಲ. ಹೋಗಲಿ, ಒಪ್ಪಿಕೊಂಡೆಯಲ್ಲ, ಅದೇ ದೊಡ್ಡದು," ಎಂದು ಧಾರಾಳವಾಗಿ ನಕ್ಕ ಅಧಿಕಾರಿ, ಗೆರೆಯ ಮೇಲೆ 'ಹೆಜ್ಜೆ' ಎಂದು ಬರೆದು ಅದನ್ನು ಲೆಕ್ಕದಿಂದ ಕೈಬಿಟ್ಟ.

ಸಂಜೆ ಕೇಂದ್ರ ಕಚೇರಿಯವರು ಫೋನ್ ಮಾಡಿದರು. "ದೂರದ ಸಮುದ್ರದಡಿ, ಬಹಳ ಆಳದಲ್ಲಿ ಭೂಕಂಪ ಆಗಿದೆ. ಭೂಮಿಯೊಳಗಿಂದ ಹಾದುಬಂದ ಮೊದಲ ಅಲೆಯ ಎತ್ತರ ಅಳೆದೇ ಅದರ ಗಾತ್ರ ಹೇಳಬೇಕು. ನಿಮ್ಮಲ್ಲಿ ಹನ್ನೊಂದಕ್ಕೆ ಬಂದಿರಬೇಕಲ್ಲ?"

ಅಧಿಕಾರಿಯ ಮುಖ ಸಣ್ಣದಾಯಿತು. ಮಾಳವ್ವನ ಮುಂದೆ ಬಂದು ನಿಂತವನಿಗೆ ತಲೆ ಎತ್ತಲಾಗಲಿಲ್ಲ.

"ನೀನು ಕೆಳಗೆ ಹೋಗಿಯೇ ಇರಲಿಲ್ಲ, ಅಲ್ವಾ?"

"ಇಲ್ಲ ಸಾರ್. ಗೇಟಿನ ಹತ್ತಿರ ಚಹಾ ಕುಡೀತಿದ್ದೆ."

"ಮತ್ತೆ ಯಾಕಮ್ಮ ಒಪ್ಪಿಕೊಂಡೆ?"

"ನನಗಿಂತ ಮುಂಚೆ ಇದ್ದ ಸಿದ್ದವ್ವ, ಹೋದ ವರ್ಷ ಇಂಥದ್ದೇ ಗೆರೆ ಬಂದಾಗ ನಾನು ಓಡಾಡಿಲ್ಲ ಅಂದಿದ್ದಳು ಸಾರ್. ಅವಳ ಕೆಲಸ ಹೋಯ್ತು, ನನಗೆ ಸಿಕ್ಕಿತು."